ಗಡುವು ಮುಗಿದ ಮೇಲಿನ ಪ್ರಶ್ನೆ

ಆರು ವಾರಗಳಲ್ಲಿ ನಾಲ್ಕನೇ ಸಲ ಫೆರಿ ದಡಕ್ಕೆ ತಾಗಿಯೂ ಸುಮ್ಮನೆ ನಿಂತಿತು. ಕಾರು ಇಳಿಯುವ ಹಲಗೆ ಕೆಳಗೆ ಬರಲಿಲ್ಲ. ದಡ ಸಿಕ್ಕಿತೆಂದು ಸೆನ್ಸರ್ ಹೇಳದೆ ಅದು ಇಳಿಯುವುದಿಲ್ಲ. ಸೆನ್ಸರಿನ ಮಾತನ್ನು ಕಂಪ್ಯೂಟರಿಗೆ ಮುಟ್ಟಿಸುವ ಡ್ರೈವರ್ ಪ್ರೋಗ್ರಾಂ ಬರೆದವಳು ನಾನು.

"ನೋಡು ಹುಡುಗಿ, ದ್ವೀಪದವರಿಗೆ ಇದೊಂದೇ ದಾರಿ," ಎಂದ ಕ್ಯಾಪ್ಟನ್ ವರ್ನರ್. "ಇವತ್ತು ಸರಿಹೋಗ್ಲಿಲ್ಲ ಅಂದ್ರೆ ನಿಮ್ಮ ಕಂಪ್ಯೂಟರ್ ಪೆಟ್ಟಿಗೆ ಕಿತ್ತು ಹಳೇದನ್ನೇ ಹಾಕಿಸ್ತೀನಿ."

ನನಗೆ ನಲವತ್ತೊಂದು. ಹುಡುಗಿ ಅಂದದ್ದಕ್ಕೆ ಬರಬೇಕಾದ ಸಿಟ್ಟು ಪೆಟ್ಟಿಗೆ ಕೀಳುವ ಮಾತಿಗೆ ಬಂತು. ಎರಡು ವರ್ಷದ ಕೆಲಸ ಅದು.

ತುರ್ಕು ನಗರದ ನಮ್ಮ ಆಫೀಸಿನಿಂದ ಇಲ್ಮೊ ಫೋನ್ ಮಾಡಿದ. ನನ್ನ ಜೊತೆಗೇ ಕೆಲಸ ಮಾಡುವವನು.

"ಡ್ರೈವರ್ ಉತ್ತರಕ್ಕೆ ನೂರು ಮಿಲಿಸೆಕೆಂಡು ಕಾಯ್ತಿದೆ ತಾನೆ? ಐನೂರು ಮಾಡಿ ನಮ್ಮನೆಗೆ ಬಾ. ಹಬೆಸ್ನಾನಕ್ಕೆ ಸಾವ್ನಾ ಬಿಸಿ ಮಾಡಿಡ್ತೀನಿ."

"ಮೊದ್ಲು ನಲವತ್ತಿತ್ತು. ನೀನು ಐವತ್ತು ಮಾಡ್ದೆ, ಆಮೇಲೆ ನೂರು. ಆದ್ರೂ ನಿಲ್ತಿದೆ. ಕಾರಣ ಗೊತ್ತಾಗೋವರೆಗೂ ಆ ಅಂಕಿ ಮುಟ್ಟಲ್ಲ."

"ಹಠಮಾರಿ ಕಣೇ ಸೈಮಿ ನೀನು."

"ಹೌದು."

ಸೆನ್ಸರೇ ಕೆಟ್ಟಿದೆ ಎಂದು ಆರು ವಾರ ವಾದಿಸಿದವಳೂ ನಾನೇ. ಈಗ ಅದರ ತಂತಿಗೇ ಅಳತೆಯ ಯಂತ್ರ ಸಿಕ್ಕಿಸಿ ಕೂತೆ. ಪ್ರತಿ ಸಲವೂ ಮೂವತ್ತು ಮಿಲಿಸೆಕೆಂಡಿನೊಳಗೆ ಉತ್ತರ ಬರುತ್ತಿತ್ತು. ಮಧ್ಯಾಹ್ನ ಫೆರಿ ಮತ್ತೆ ನಿಂತಾಗಲೂ ಬಂದಿತ್ತು. ಪಾಪ, ಸೆನ್ಸರ್ ತನ್ನ ಕೆಲಸ ತಾನು ಮಾಡಿತ್ತು.

ನನ್ನ ಸಾಲುಗಳನ್ನೇ ಬೆರಳಿಟ್ಟು ಓದಿದೆ. ಡ್ರೈವರ್ "ಸಿದ್ಧವೇ?" ಎಂದು ಕೇಳುತ್ತದೆ. ಇಲ್ಲವಾದರೆ ಚೂರು ನಿದ್ದೆ ಮಾಡಿ, ಎದ್ದು ಗಡಿಯಾರ ನೋಡಿ, ನೂರು ಮಿಲಿಸೆಕೆಂಡಿನ ಗಡುವು ದಾಟದಿದ್ದರೆ ಮತ್ತೆ ಕೇಳುತ್ತದೆ. ಆದರೆ ರಾಡಾರಿನ ಚಿತ್ರ ಬಿಡಿಸುವ ಭರದಲ್ಲಿ ಕಂಪ್ಯೂಟರ್ ಕೆಲವೊಮ್ಮೆ ಅದನ್ನು ತಡವಾಗಿ ಎಬ್ಬಿಸುತ್ತಿತ್ತು. ಅಷ್ಟರಲ್ಲಿ ಗಡುವು ದಾಟಿರುತ್ತಿತ್ತು. ಸೆನ್ಸರ್ ಉತ್ತರ ಹಿಡಿದು ನಿಂತಿದ್ದರೂ ನನ್ನ ಡ್ರೈವರ್ ಅತ್ತ ತಿರುಗಿಯೂ ನೋಡದೆ ಕೈಚೆಲ್ಲುತ್ತಿತ್ತು. ಗಡುವು ಮುಗಿದ ಮೇಲೂ ಕೊನೆಯದಾಗಿ ಒಮ್ಮೆ ಕೇಳಬೇಕಿತ್ತು. ಅದನ್ನು ನಾನು ಬರೆದೇ ಇರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಎರಡು ಸಾಲು ಸೇರಿಸಿ ಫೆರಿಯ ಕಂಪ್ಯೂಟರಿಗೆ ಹಾಕಿದೆ. ತಿದ್ದುಪಡಿಯ ಕೆಳಗೆ, ತಪ್ಪು ಯಾರ ಯಾವ ಬದಲಾವಣೆಯಿಂದ ಹುಟ್ಟಿತು ಎಂದು ನಮೂದಿಸುವುದು ನಮ್ಮವರ ರೂಢಿ.

"ಆ ಹೆಸರಿನ ಸಾಲು ಬಿಟ್ಬಿಡು," ಎಂದ ಇಲ್ಮೊ ಫೋನಿನಲ್ಲಿ. "ಎಲ್ಲರೂ ಓದ್ತಾರೆ."

"ಓದ್ಲಿ."

ನನ್ನ ಹೆಸರು ಬರೆದು ಕಳಿಸಿದೆ. ವರ್ನರನಿಗೂ ಹೇಳಿದೆ: "ಸೆನ್ಸರ್ ಸರಿಯಾಗೇ ಇತ್ತು. ತಪ್ಪು ನನ್ನದು."

"ಆರು ವಾರ ಜನ ಬೈದದ್ದು ನನ್ನನ್ನ. ಕೊನೇ ಸಲ ದಾಟೋವರೆಗೂ ಇಲ್ಲೇ ಇರು. ನಿಂತ್ರೆ ಕಾರಿನವರಿಗೆ ನೀನೇ ಹೋಗಿ ಹೇಳು."

"ಇರ್ತೀನಿ."

ತಿದ್ದಿದ ಮೇಲೆ ಒಂಬತ್ತನೇ ಸಲ ದಾಟುವಾಗ ಮಂಜು ಕವಿದು ರಾಡಾರ್ ಬಿಡುವಿಲ್ಲದೆ ದುಡಿಯತೊಡಗಿತು. ಫೆರಿ ದಡಕ್ಕೆ ತಾಗಿತು. ಗಡುವು ದಾಟಿತೆಂದು ಪರದೆ ತೋರಿಸಿತು. ಹಲಗೆ ಅಲುಗಾಡಲು ಯಾವಾಗಲೂ ಒಂದೆರಡು ಸೆಕೆಂಡು ಬೇಕು. ನಾನು ಅಷ್ಟನ್ನೂ ಕಾಯದೆ ಎದ್ದು, ಕಾರುಗಳತ್ತ ಹೋಗಲು ಕ್ಯಾಪ್ಟನ್ ಕೋಣೆಯ ಬಾಗಿಲಿಗೆ ಕೈ ಹಾಕಿದೆ.

ಹಲಗೆ ಇಳಿಯಿತು. ಗಡುವು ಮುಗಿದ ಮೇಲಿನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮೊದಲ ಕಾರು ದಡ ಹತ್ತಿತು.

"ಎಲ್ಲಿಗೆ ಹೊರಟೆ?" ಎಂದ ವರ್ನರ್. "ಇನ್ನೂ ಎರಡು ಸಲ ದಾಟೋದಿದೆ."

ಬಂದು ಕೂತೆ.