ತಪಕೀರಿನ ಆಣೆ

ನಾಡಿ ನೋಡಲೆಂದು ಹುಚ್ಚವ್ವನ ಕೈ ಎಳೆದುಕೊಂಡ ಡಾಕ್ಟರ್ ಬಸಂತರಾಯರು ನಾಡಿ ಬಿಟ್ಟು ಅವಳ ತೋರುಬೆರಳನ್ನೇ ಕಿಟಕಿಯ ಬೆಳಕಿಗೆ ತಿರುಗಿಸಿದರು. ಬೆರಳ ತುದಿ ಉಗುರಿನವರೆಗೂ ಕಾಚಿನ ಬಣ್ಣಕ್ಕೆ ತಿರುಗಿತ್ತು.

"ಆಯಿ, ಏನಿದು?"

"ಬೆರಳ್ರಿ."

"ಬೆರಳ ನನಗೂ ಕಾಣತೈತಿ. ಬಣ್ಣ ಯಾತರದು?"

"ತಪಕೀರಿಂದು. ಹಲ್ಲ ತಿಕ್ಕಬೇಕಲ್ರಿ. ನೀವು ತಿಕ್ಕೂದಿಲ್ಲೇನು?"

"ಮುಂಜಾನಿ ಅಷ್ಟೇ?"

"ಮುಂಜಾನಿ, ಉಂಡ ಮ್ಯಾಲ, ಸಂಜಿಕ. ನಡುವ ಬ್ಯಾಸರಾದ್ರ ಒಂದೀಟು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಗಳಿಂದ ಮುಖ ಉಜ್ಜಿಕೊಂಡರು.

ದೀಪಾವಳಿಯ ಮುಂದೆ ಹುಚ್ಚವ್ವ ಇದೇ ಬೆಂಚಿನ ಮೇಲೆ, ಹೊಟ್ಟೆಯಿಂದ ಬೆನ್ನಿಗೆ ಇರಿಯುವ ನೋವು ಹೊತ್ತು ಕುಳಿತಿದ್ದಳು. ಜಠರದ ಹಿಂದೆ ಕುರಿಯ ನಾಲಿಗೆಯ ಹಾಗೆ ಅಡ್ಡ ಮಲಗಿದ ಒಂದು ಮೆತ್ತನೆಯ ಗ್ರಂಥಿ ಇದೆ, ಅದು ಬಾತಿದೆ, ತಂಬಾಕಿನ ವಿಷ ಅದನ್ನು ಸುಡುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ಹುಚ್ಚವ್ವ ಹಣೆಗೆ ಹಚ್ಚಿದ್ದ ಮನೆದೇವರ ಅರಿಶಿನದ ಭಂಡಾರ ಮುಟ್ಟಿ, "ಮಾಳಿಂಗರಾಯನ ಆಣಿ, ತಂಬಾಕ ಈ ಬಾಯಾಗ ಎಂದೂ ಹೊಕ್ಕಿಲ್ರಿ" ಅಂದಿದ್ದಳು. ಡಾಕ್ಟರು ನಂಬಿದರು. ಸೊಪ್ಪು, ನಿಂಬೆ, ನೆಲ್ಲಿಕಾಯಿಗಳಲ್ಲಿ ಇರುವ ವಿಟಮಿನ್ನು ಗ್ರಂಥಿಗೆ ಒಂದಿಷ್ಟು ಕಾವಲಾಗುತ್ತದೆ ಎಂದು ಸೊಸೆ ಶೇವಂತೆವ್ವನಿಗೆ ಹೇಳಿ ಕಳಿಸಿದ್ದರು. ಅವಳು ಅಂದಿನಿಂದ ಕಂಡವರ ಹೊಲ ಅಲೆದು ಹಕ್ಕರಕಿ ಸೊಪ್ಪು ಕಿತ್ತು ತಂದಳು. ರೊಟ್ಟಿಯ ಜೋಡಿ ಹಸಿ ಮೆಂತ್ಯ ಇಟ್ಟಳು. ಸಾಲೋಟಗಿಯ ತೋಟಗಳಲ್ಲಿ ಉದುರಿದ ನಿಂಬೆಹಣ್ಣಿಗಾಗಿ ಕಂಡಕಂಡವರಿಗೆ ಕೈಮುಗಿದಳು. ನೋವು ತುಸು ತಗ್ಗಿದ್ದು ನಿಜ. ಸಂಕ್ರಾಂತಿ ದಾಟಿದ್ದೇ ಮತ್ತೆ ಹತ್ತಿಕೊಂಡಿತು.

"ಸೊಸಿ ಹೊಲಕ್ಕ ಬೇಲಿ ಹಾಕಾಕತ್ಯಾಳ, ನೀ ದಿನಾ ಎದ್ದು ಬೇಲಿ ಕಿತ್ತು ಕುರಿ ಒಳಗ ಹೊಡಿಯಾಕತ್ತಿ!" ಡಾಕ್ಟರ ದನಿ ಏರಿತು. "ತಪಕೀರ ಅಂದ್ರ ತಂಬಾಕಿನ ಪುಡಿ. ಹಿಂಗ ನಡದ್ರ ಈ ಸಲ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

"ಹಂಗಾರ ದಿನಾ ಎರಡ ನಿಂಬಿಹಣ್ಣ ಹೆಚ್ಚಿಗಿ ತಿಂತೇನಿ ತಗೋರಿ."

ಡಾಕ್ಟರು ಅತ್ತೆಯ ಪಕ್ಕ ನಿಂತಿದ್ದ ಶೇವಂತೆವ್ವನ ಕಡೆ ತಿರುಗಿದರು. "ನೀನರ ಹೇಳಬಾರದೇನವಾ?"

ಶೇವಂತೆವ್ವ ತನ್ನ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

ಇಂಡಿಯ ದವಾಖಾನೆಯಿಂದ ಊರಿನವರೆಗೂ ಬಸ್ಸಿನಲ್ಲಿ ಹುಚ್ಚವ್ವನ ಬಾಯಿ ನಿಲ್ಲಲಿಲ್ಲ. "ತಂಬಾಕ ಗಂಡಸರು ತಿಂತಾರ. ಇದು ಹಲ್ಲಪುಡಿ. ಕಲಿತಾನಂತ ಕಲಿತಾನ! ನನ್ನ ಕಡೆ ಸುಳ್ಳಾಣಿ ಮಾಡಸಾಕ ನಿಂತಾನ."

ಮಗ ಸೋಮನಿಂಗ ಕುರಿ ಹೊಡೆದುಕೊಂಡು ನಿಡಗುಂದಿಯಾಚೆ, ಡ್ಯಾಮು ಕಟ್ಟುತ್ತಿದ್ದ ಹೊಳೆಯ ದಂಡೆಗೆ ಹೋಗಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಉಪ್ಪಿಗೂ ಜಗಳ, ಉರಿಗೂ ಜಗಳ. ಹಿತ್ತಲ ಹೊಸ್ತಿಲ ಮೇಲೆ ತಪಕೀರಿನ ಡಬ್ಬಿ ತೆರೆದಾಗ ಮಾತ್ರ ಇಬ್ಬರೂ ಸುಮ್ಮನಾಗುತ್ತಿದ್ದರು. ಮದುವೆಯಾಗಿ ಬಂದ ಹೊಸತಿಗೆ ಹಲ್ಲುನೋವಿಗೆ ಅವ್ವನನ್ನು ನೆನೆದು ಅಳುತ್ತಿದ್ದ ಶೇವಂತೆವ್ವನ ಒಸಡಿಗೆ ಮೊದಲ ಚಿಟಿಕೆ ತಿಕ್ಕಿದ್ದು ಹುಚ್ಚವ್ವನೇ.

ಆ ಸಂಜೆ ಹುಚ್ಚವ್ವ ಹೊಟ್ಟೆ ಹಿಡಿದು ಮುದುಡಿ ಕುಳಿತೇ ಡಬ್ಬಿಗೆ ಕೈ ಚಾಚಿದಳು.

"ಅತ್ತಿ, ಬಿಡ್ರಿ ಅದನ್ನ."

"ಬಿಟ್ಟರ ತಂಬಾಕ ಅಂತ ಒಪ್ಪಿದಂಗ. ಒಪ್ಪಿದರ ದೇವರ ಮುಂದ ಸುಳ್ಳಿ ಆದಂಗ. ಬ್ಯಾನಿ ಇದ್ರ ಇರವಲ್ದ್ಯಾಕ."

"ನೀವು ಸತ್ತರ ಮಾಳಿಂಗರಾಯ ಬಂದು ನಿಮ್ಮ ಮಗನ್ನ ಸಮಾಧಾನ ಮಾಡ್ತಾನೇನ್ರಿ?"

"ಬಾಯಿ ಬಾಳ ಆತು ನಿಂದು. ನೀ ತಿಕ್ಕೂದಿಲ್ಲೇನು? ನಿನಗ್ಯಾಕ ಏನೂ ಆಗಿಲ್ಲ?"

ಬೆಳಗಿನಿಂದ ಶೇವಂತೆವ್ವನ ಒಸಡೂ ಅದನ್ನೇ ಬೇಡುತ್ತಿತ್ತು. ಡಬ್ಬಿ ಕಸಿದುಕೊಂಡು ಹಿತ್ತಲಿಗೆ ಹೋಗಿ ತಿಪ್ಪೆಯ ಮೇಲೆ ಕೊಡವಿದಳು. ಗಾಳಿಗೆ ಪುಡಿ ಹಾರಿ ಬಂದು ಅವಳೇ ಸೀನಿದಳು.

"ಹುಚ್ಚರಂಡೆ!" ಹುಚ್ಚವ್ವ ಕೂಗಿದಳು.

"ನಾನೂ ಬಿಟ್ಟೆ, ಮುಗೀತಲ್ಲ? ತಂಬಾಕ ಅಲ್ಲಂದ್ರ ಅಲ್ರಿ. ನಿಮ್ಮ ಆಣಿ ನಿಮ್ಮ ಕಡೆ ಇರ್ಲಿ. ತಪಕೀರ ಅಂತನ ಬಿಡ್ರಿ."

ಹುಚ್ಚವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ರೊಟ್ಟಿ ಸೀದವು. ಹುಚ್ಚವ್ವ ಕೋಳಿಗೆ ಬೈದಳು, ಹಾದಿಯಲ್ಲಿ ಹೋಗುವವರಿಗೆ ಬೈದಳು, ನೆರೆಮನೆಯ ಬಿಬಿಜಾನ ತಪಕೀರು ಕೇಳಲು ಬಂದರೆ, "ನಮ್ಮ ಮನ್ಯಾಗ ಅದೆಲ್ಲ ಇಲ್ಲ, ನಡಿ" ಎಂದು ಅವಳಿಗೂ ಬೈದಳು. ಒಲೆಯ ಮುಂದಿದ್ದ ಶೇವಂತೆವ್ವ ತಿರುಗಿ ನೋಡಿದಳು, ಅತ್ತೆ ನೋಡಲಿಲ್ಲ.

ಉಂಡ ಮೇಲೆ ಇಬ್ಬರೂ ರೂಢಿಯಂತೆ ಹಿತ್ತಲ ಹೊಸ್ತಿಲ ಮೇಲೆ ಕುಳಿತರು. ಮಾಡಲು ಏನೂ ಇರಲಿಲ್ಲ. ಹುಚ್ಚವ್ವನ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಉಜ್ಜುತ್ತಿದ್ದವು. ಅವಳು ಬಾಯಿಯವರೆಗೆ ಬೆರಳು ಒಯ್ದು ಮತ್ತೆ ಇಳಿಸಿದಳು.

"ಏ, ಇತ್ತ ಬಾ," ಎಂದು ಒಮ್ಮೆಲೆ ಸೊಸೆಯ ತುರುಬು ಹಿಡಿದು ಜಗ್ಗಿದಳು. "ತಲಿ ಎಷ್ಟ ಗಬ್ಬ ಮಾಡ್ಕೊಂಡಿ, ನೋಡಾಕ ದಿಕ್ಕಿಲ್ಲದವರಂಗ."

"ನೋಯತೈತ್ರಿ ಅತ್ತಿ."

"ನೋಯಲಿ."

ಶೇವಂತೆವ್ವ ಒಂದು ಮೆಟ್ಟಿಲು ಕೆಳಗಿಳಿದು ಅತ್ತೆಯ ಮೊಣಕಾಲಿಗೆ ತಲೆ ಆನಿಸಿದಳು. ತುರುಬು ಬಿಚ್ಚಿಕೊಂಡಿತು. ಆ ಕಂದು ಬೆರಳು ಕೂದಲ ನಡುವೆ ಬೈತಲೆ ತೆಗೆಯುತ್ತ, ಬಿಸಿಲ ಬೆಳಕಿನಲ್ಲಿ ಹೇನು ಹುಡುಕತೊಡಗಿತು.