ಕೂಸಿನ ಹೆಸರಿಗೆ ಬಿಟ್ಟ ಕುರಿ

ಮಿರಜದಲ್ಲಿ ತಂಬೂರಿ ಮಾಡುವವರ ಅಂಗಡಿಗಳು ಮುಗಿದು ಔಷಧದ ಅಂಗಡಿಗಳು ಶುರುವಾಗುವ ಕಡೆ, ಮೊದಲ ಮಹಡಿಯಲ್ಲಿ ಪಾರಿಸ ಅಣ್ಣನ ಷೇರು ದಲ್ಲಾಳಿ ಕಚೇರಿ. ಬಂದವರು ಮೊದಲು ಪಾರಿಸ ಅಣ್ಣನ ಮುಂದೆ ಕೂಡುತ್ತಾರೆ. ಆತ ಎರಡು ಮಾತಾಡಿ, ಚಹಾ ಹೇಳಿ, ಉಳಿದದ್ದು ಕೃಷ್ಣವ್ವ ಹೇಳುತ್ತಾಳೆ ಎಂದು ಕಿಟಕಿ ಪಕ್ಕದ ಮೇಜಿಗೆ ಕಳಿಸಿಬಿಡುತ್ತಾನೆ. ಮಗಳು ಮಾಯಾ ಅಂಬೆಗಾಲಿಡುತ್ತಿದ್ದಾಗಿನಿಂದ ಆ ಮೇಜು ಕೃಷ್ಣವ್ವನದು. ಮರಾಠಿಯವರಿಗೆ ಮರಾಠಿಯಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ, ಎರಡೂ ತಿಳಿದೂ ತಿಳಿಯದವರಂತೆ ನಟಿಸುವವರಿಗೆ ತುಸು ಜೋರಾಗಿ ಹೇಳುವುದು ಅವಳ ರೀತಿ.

ಆ ವಾರ ಬಂದವರ ಬಾಯಲ್ಲೆಲ್ಲ ಒಂದೇ ಸುದ್ದಿ. ಕುಪವಾಡದ ನೀಲಾಂಬರಿ ಕಾಸ್ಟಿಂಗ್ಸ್ ಎಂಬ ಎರಕದ ಕಂಪನಿ ಪುಣೆಯ ದೊಡ್ಡ ಪಂಪಿನ ಕಂಪನಿಯಲ್ಲಿ ವಿಲೀನವಾಗುವುದು ಗಟ್ಟಿಯಾಗಿತ್ತು. ನೀಲಾಂಬರಿಯ ಇಪ್ಪತ್ತೈದು ಷೇರು ಇದ್ದವರಿಗೆ ಪುಣೆ ಕಂಪನಿಯ ಒಂದು ಷೇರು. ಈ ಲೆಕ್ಕ ಕೇಳಿದ ಅರ್ಧ ಊರು ಎದೆ ಬಡಿದುಕೊಂಡಿತ್ತು.

ನಿವೃತ್ತ ನರ್ಸ್ ಸುಂದರಾಬಾಯಿ ಅಂದು ಬಂದಿದ್ದೇ ಎಲ್ಲವನ್ನೂ ಮಾರಿಬಿಡಲು. ಇಪ್ಪತ್ತೈದು ಹೋಗಿ ಒಂದು ಬಂದರೆ ಅದು ಹಾಡುಹಗಲೇ ಲೂಟಿ ಎಂಬುದು ಆಕೆಯ ವಾದ. ಕೃಷ್ಣವ್ವ ಕನ್ನಡಕವನ್ನು ಹಣೆಗೇರಿಸಿಕೊಂಡಳು.

“ಮಾವಶಿ, ಇಪ್ಪತ್ತೈದು ಕೋಳಿ ಕೊಟ್ಟು ಒಂದು ಎಮ್ಮಿ ತಂದ್ರಿ ಅಂತ ತಿಳೀರಿ. ಹಿತ್ತಲದಾಗ ತಲಿ ಕಡಿಮಿ ಆದುವು ಅಂತ ಅಳ್ತಾರೇನ್ರಿ?”

ಆಮೇಲೆ ಕಾಗದದ ಹಿಂಬದಿಯಲ್ಲಿ ಬರೆದು ತೋರಿಸಿದಳು. ನೀಲಾಂಬರಿಯ ಒಂದು ಷೇರಿಗೆ ಪೇಟೆಯಲ್ಲಿ ಒಂಬೈನೂರರ ಆಸುಪಾಸು. ಪುಣೆಯದಕ್ಕೆ ಇಪ್ಪತ್ತೆರಡೂವರೆ ಸಾವಿರದ ಮೇಲೆ. ಇಪ್ಪತ್ತೈದರಿಂದ ಗುಣಿಸಿ ನೋಡಿದರೆ ತಕ್ಕಡಿ ಸರಿ ನಿಲ್ಲುತ್ತದೆ. ಎಣಿಕೆ ಬೇರೆ, ತೂಕ ಬೇರೆ. ಇನ್ನು ಈ ಮದುವೆ ಯಾಕೆ ಎಂದರೆ, ಪುಣೆಯವರ ಕೈಯಲ್ಲಿ ಬೇಕಾದಷ್ಟು ಆರ್ಡರ್ ಇವೆ, ಎರಕಕ್ಕೆ ಮಾತ್ರ ಹೊರಗಿನವರ ಬಾಗಿಲು ಕಾಯಬೇಕು. ಕುಪವಾಡದವರ ಕುಲುಮೆ ವಾರದಲ್ಲಿ ಮೂರು ದಿನ ತಣ್ಣಗಿರುತ್ತದೆ, ಆದರೆ ಅವರ ತಲೆಯ ಮೇಲೆ ಸಾಲ ಕಡಿಮೆ. ಹಸಿದವನಿಗೂ ಅಡುಗೆಯವನಿಗೂ ಗಂಟು ಬಿದ್ದಂತೆ. ನಾಳೆ ಬೆಲೆ ಇಳಿಯುವುದಿಲ್ಲ ಎಂದು ಅವಳು ಯಾರಿಗೂ ಹೇಳಲಿಲ್ಲ. ಇಳಿದರೂ ಯಾಕೆ ಇಟ್ಟುಕೊಳ್ಳಬೇಕು ಎಂಬುದನ್ನಷ್ಟೇ ಹೇಳಿದಳು.

ಸುಂದರಾಬಾಯಿಗೆ ಸಮಾಧಾನವಾಯಿತು. ಏಳುತ್ತ ಸುಮ್ಮನೆ ಒಂದು ಮಾತು ಕೇಳಿದರು: ಯಾರ ಹತ್ತಿರವಾದರೂ ಇಪ್ಪತ್ತೇ ಕೋಳಿ ಇದ್ದರೆ?

ಅಂಥವರಿಗೆ ಎಮ್ಮೆ ಸಿಗುವುದಿಲ್ಲ, ಎಮ್ಮೆಯ ಕಾಲನ್ನು ಕತ್ತರಿಸಿ ಕೊಡಲಾಗುವುದಿಲ್ಲವಲ್ಲ, ಎಂದು ಕೃಷ್ಣವ್ವ ನಕ್ಕಳು. ಎಲ್ಲರ ತುಣುಕುಗಳನ್ನೂ ಒಟ್ಟು ಮಾಡಿ ಮಾರಿ, ಅವರವರ ಪಾಲಿನ ರೊಕ್ಕವನ್ನು ಖಾತೆಗೆ ಹಾಕುತ್ತಾರೆ. ರೊಕ್ಕಕ್ಕೆ ಮೋಸವಿಲ್ಲ, ಆದರೆ ಕಂಪನಿಗೂ ಅವರಿಗೂ ಅಲ್ಲಿಗೆ ಸಂಬಂಧ ಹರಿಯಿತು.

ಹೇಳಿ ಮುಗಿಸುವಷ್ಟರಲ್ಲಿ ಅವಳ ನಗು ಅರ್ಧಕ್ಕೇ ನಿಂತಿತ್ತು. ಸುಂದರಾಬಾಯಿ ಮೆಟ್ಟಿಲಿಳಿದ ಮೇಲೆ ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ನಾಲ್ಕು ಖಾತೆ ತೆರೆದು ನೋಡಿದಳು. ಹದಿನೆಂಟು. ಇಪ್ಪತ್ತೊಂದು. ಹದಿನಾರು. ಇಪ್ಪತ್ತು. ನಾಲ್ಕರಲ್ಲಿ ಒಂದೂ ಇಪ್ಪತ್ತೈದನ್ನು ಮುಟ್ಟಿರಲಿಲ್ಲ. ನಾಲ್ಕೂ ಅವಳ ಮನೆಯ ಮಕ್ಕಳವು.

ಅವಳ ಗಂಡ ಸತ್ಯಪ್ಪನ ಮನೆತನ ಬೇಡಗದ ಕಡೆ ಕುರಿ ಕಾಯುತ್ತಿದ್ದ ಮನೆತನ. ಆ ಮನೆಯಲ್ಲಿ ಕೂಸು ಹುಟ್ಟಿ, ಹುಟ್ಟುಗೂದಲು ತೆಗೆಯುವ ಜಾವಳದ ದಿನ ಹಿಂಡಿನಿಂದ ಒಂದು ಹೆಣ್ಣುಮರಿಯನ್ನು ಹಿಡಿದು ತಂದು, ಕಿವಿಗೆ ಬೇರೆ ಗುರುತು ಕೊಯ್ದು, ಕೂಸಿನ ಹೆಸರಿಗೆ ಬಿಡುತ್ತಿದ್ದರು. ಆ ಕುರಿ ಹಾಕಿದ ಮರಿ, ಮರಿಯ ಮರಿ, ಎಲ್ಲವೂ ಕೂಸಿನವೇ. ಮಾವ ಕಾಡಸಿದ್ದಪ್ಪ ತೀರಿಕೊಂಡ ಮೇಲೆ ಹಿಂಡು ಕಾಯುವವರಿಲ್ಲದಂತಾಯಿತು. ಸತ್ಯಪ್ಪ ಮಾಧವನಗರದಿಂದ ಸಾಂಗಲಿಗೆ ಷೇರ್ ಆಟೋ ಓಡಿಸುತ್ತಿದ್ದ. ತಮ್ಮ ಬಾಳು ಬೇಡಗದಲ್ಲೇ ಹೊಲ ಹಿಡಿದಿದ್ದ. ಏಳೆಂಟು ಕುರಿ ಉಳಿಸಿಕೊಂಡು ಮಿಕ್ಕ ಹಿಂಡನ್ನು ಮಾರಿದಾಗ, ನಾಲ್ವರು ಮೊಮ್ಮಕ್ಕಳ ಕುರಿಗಳ ರೊಕ್ಕವನ್ನು ಅತ್ತೆ ದುಂಡವ್ವ ನಾಲ್ಕು ಬೇರೆ ಬೇರೆ ಅರಿವೆಯಲ್ಲಿ ಕಟ್ಟಿ ತಂದು ಕೃಷ್ಣವ್ವನ ಮುಂದಿಟ್ಟಿದ್ದಳು. ಮರಿ ಹಾಕುವಂಥದ್ದು ಏನಾದರೂ ಕೊಂಡು ಕೊಡು ಎಂದಿದ್ದಳು. ಕೃಷ್ಣವ್ವ ನೀಲಾಂಬರಿಯ ಷೇರು ಕೊಂಡಳು, ಮಕ್ಕಳ ಹೆಸರಲ್ಲಿ ನಾಲ್ಕು ಖಾತೆ ತೆಗೆದು. ನಾಲ್ಕು ಕುರಿಗೆ ನಾಲ್ವರು ಕುರುಬರು ಯಾಕೆ, ಒಂದೇ ಖಾತೆ ಸಾಕು ಎಂದು ಪಾರಿಸ ಅಣ್ಣ ಆಗಲೇ ಚೇಷ್ಟೆ ಮಾಡಿದ್ದ. ನಮ್ಮ ಮನೆಯ ಪದ್ಧತಿ ಅಣ್ಣಾ ಎಂದು ಅವಳು ಗತ್ತಿನಿಂದ ಹೇಳಿದ್ದಳು.

ಆ ಗತ್ತು ಈಗ ಕುತ್ತಿಗೆಗೆ ಬಂದಿತ್ತು. ಹನ್ನೆರಡು ದಿನಕ್ಕೆ ರೆಕಾರ್ಡ್ ಡೇಟ್. ಅಂದು ಯಾರ ಖಾತೆಯಲ್ಲಿ ಎಷ್ಟಿದೆಯೋ ಅದೇ ಲೆಕ್ಕ. ಅಷ್ಟರೊಳಗೆ ಏನೂ ಮಾಡದಿದ್ದರೆ ಮಕ್ಕಳ ಕುರಿಗಳ ಕೊನೆಯ ಗುರುತು ನಾಲ್ಕು ಸಣ್ಣ ಮೊತ್ತಗಳಾಗಿ ಬ್ಯಾಂಕಿಗೆ ಬಂದು ಬೀಳುತ್ತದೆ. ಆಮೇಲೆ ಅದು ಶಾಲೆಯ ಬೂಟಿಗೆ ಹೋಯಿತೋ ಗ್ಯಾಸಿಗೆ ಹೋಯಿತೋ ಯಾರಿಗೆ ನೆನಪಿರುತ್ತದೆ?

ದಾರಿ ಅವಳಿಗೆ ತಕ್ಷಣ ಹೊಳೆಯಿತು. ನಾಲ್ಕನ್ನೂ ಒಂದೇ ಹೆಸರಿಗೆ ತಂದರೆ ಎಪ್ಪತ್ತೈದಾಗುತ್ತದೆ. ಮೂರು ಷೇರು ಸಿಗುತ್ತವೆ, ಒಂದು ಚೂರೂ ಹೊರಗೆ ಹೋಗುವುದಿಲ್ಲ. ಇಷ್ಟು ಸುಲಭದ ಲೆಕ್ಕಕ್ಕೆ ಒಂದು ಕ್ಷಣ ಗಾಬರಿಯಾದೆನಲ್ಲ ಎಂದು ತನ್ನನ್ನೇ ಬೈದುಕೊಂಡು ಸಂಜೆ ಕುಪವಾಡದ ತಮ್ಮ ಮನೆಗೆ ಹೋದಳು.

ದುಂಡವ್ವ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತಿದ್ದಳು. ಸೊಸೆ ಹೇಳಿದ್ದನ್ನೆಲ್ಲ ಕೇಳಿದಳು. ಕೇಳಿ, ಸಿಪ್ಪೆ ಊದಿ, ಆಗದು ಎಂದಳು. ನಾಲ್ಕು ಮಕ್ಕಳಿಗೆ ಮೂರು ಕುರಿ ಬಂದರೆ ಯಾವ ಕೂಸನ್ನು ಮೊರದಿಂದ ಹೊರಗೆ ಹಾರಿಸುತ್ತೀ ಎಂದು ಕೇಳಿದಳು.

“ಹಿಂಡು ಕೂಡಿಸಿ ಮೇಯಿಸು, ನಾ ಬ್ಯಾಡ ಅನ್ನಂಗಿಲ್ಲ. ಕಿವಿ ಗುರುತು ಅಳಿಸಬ್ಯಾಡ. ಕೂಸಿನ ಹೆಸರಿಗೆ ಬಿಟ್ಟದ್ದು ಹಡದವರಿಗೂ ಮುಟ್ಟಾಕ ಬರೂದಿಲ್ಲ.”

ಹಾಗಾದರೆ ರೊಕ್ಕ ಬರಲಿ ಬಿಡಿ, ಬ್ಯಾಂಕಿನಲ್ಲಿ ಇಟ್ಟರೆ ಅದೂ ಮರಿ ಹಾಕುತ್ತದೆ ಎಂದಳು ಕೃಷ್ಣವ್ವ.

“ಆ ಮರಿ ಕುರಿ ಆಗೂದರಾಗ ನಾ ಮಣ್ಣಾಗಿರ್ತೇನಿ, ತಗೋ,” ಎಂದು ಮುದುಕಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಕೃಷ್ಣವ್ವ ಪಾರಿಸ ಅಣ್ಣನ ಮುಂದೆ ಅತ್ತೆಯ ಹಟವನ್ನು ಹಾಡಿಕೊಂಡಳು. ಆತ ಪೂರಾ ಕೇಳಿ ಹೊಟ್ಟೆ ಹಿಡಿದು ನಕ್ಕ. ನಿನ್ನ ಅತ್ತೆ ವಕೀಲಿ ಓದಿಲ್ಲ ತಾನೆ, ಎಂದ. ಅಪ್ರಾಪ್ತ ಮಕ್ಕಳ ಆಸ್ತಿಯನ್ನು ಪಾಲಕರು ತಮ್ಮ ಹೆಸರಿಗೆ ದಾನ ಮಾಡಿಕೊಳ್ಳುವಂತಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ. ಪೇಟೆಯಲ್ಲಿ ಮಾರಿ ಆ ರೊಕ್ಕದಿಂದ ನಿನ್ನ ಹೆಸರಲ್ಲಿ ಕೊಳ್ಳುವುದೂ ಅದೇ ಕಳ್ಳದಾರಿ. ಮಕ್ಕಳ ಖಾತೆಯಿಂದ ತೆಗೆಯುವ ಮಾತು ಬಿಡು ಎಂದ.

ತೆಗೆಯುವ ಮಾತು ಬಿಡು. ಆ ಮಾತು ಅವಳ ಕಿವಿಯಲ್ಲಿ ನಿಂತಿತು. ತೆಗೆಯುವಂತಿಲ್ಲ, ಸರಿ. ಹಾಕಬಹುದಲ್ಲ?

ಒಬ್ಬರಿಗೆ ಏಳು, ಒಬ್ಬರಿಗೆ ನಾಲ್ಕು, ಒಬ್ಬರಿಗೆ ಒಂಬತ್ತು, ಒಬ್ಬರಿಗೆ ಐದು ಹಾಕಿದರೆ ನಾಲ್ವರದೂ ತುಂಬುತ್ತದೆ. ಒಟ್ಟಿಗೆ ಇಪ್ಪತ್ತೈದು ಷೇರು ಕೊಳ್ಳಬೇಕು. ಅದಕ್ಕೆ ಬೇಕಾದ ಇಪ್ಪತ್ತೆರಡೂವರೆ ಸಾವಿರ ಹದಿನೈದು ದಿನದ ಕೆಳಗೆ ಮನೆಯಲ್ಲಿತ್ತು. ಈಗ ಅದು ಮಾಯಾಳ ಹನ್ನೊಂದನೆಯ ಇಯತ್ತೆಗೆ ಕಾಲೇಜಿನ ಪ್ರವೇಶ ಶುಲ್ಕವಾಗಿ ಸಾಂಗಲಿಯಲ್ಲಿತ್ತು. ಬಾಳುವಿನದು ಹೊಲಕ್ಕೆ ಹೊಸ ಕೊಳವೆ ಹಾಕಿಸಿ ಬರಿಗೈ. ಆ ದಿನ ಅವನ ಹೆಂಡತಿ ಬೀರವ್ವ ಫೋನ್ ಮಾಡಿದಳು. ನಾಲ್ವರು ಮಕ್ಕಳಲ್ಲಿ ಇಬ್ಬರು ಅವಳವರು. ಸುದ್ದಿ ಅತ್ತೆಯಿಂದ ಅವಳಿಗೆ ಮುಟ್ಟಿತ್ತು.

“ಕುರಿ ಮಾರಿ ಕಾಗದಾ ತಗೊಂಡ್ರಿ ಅಕ್ಕಾ, ಕಾಗದಾನೂ ಕಂಪ್ಯೂಟರಿನಾಗ ಐತಿ ಅಂದ್ರಿ. ಈಗ ಅಲ್ಲಿಂದನೂ ತಪ್ಪಿಸ್ಕೊಂಡು ಹೋಗ್ಯಾವೇನು?”

“ಹೋಗಿಲ್ಲ. ಬೇಲಿ ಸಂದ್ಯಾಗ ನಿಂತಾವ,” ಎಂದಳು ಕೃಷ್ಣವ್ವ. “ನಾ ಹೊಡ್ಕೊಂಡು ಬರ್ತೇನಿ. ನೀ ನಿನ್ನ ಎಮ್ಮಿ ನೋಡ್ಕೋ.”

ಫೋನ್ ಇಟ್ಟು ಐದನೆಯ ಖಾತೆ ತೆರೆದಳು. ಅದು ಅವಳದೇ. ಅದರಲ್ಲಿ ನೀಲಾಂಬರಿಯ ಮೂವತ್ತೆರಡು ಷೇರು ಇದ್ದವು.

ಪ್ರತಿ ದೀಪಾವಳಿಗೆ ಪಾರಿಸ ಅಣ್ಣ ಕೊಡುವ ಬೋನಸ್ಸಿನಲ್ಲಿ ಮಕ್ಕಳ ಬಟ್ಟೆ, ಅತ್ತೆಯ ಸೀರೆ, ಮನೆಯ ಸುಣ್ಣ ಎಲ್ಲ ಕಳೆದು ಉಳಿದದ್ದಕ್ಕೆ ಎರಡೋ ಮೂರೋ ಕೊಂಡಿಟ್ಟವು. ಅವಳ ತಂದೆ ಮಾಧವನಗರದ ಗಿರಣಿಯಲ್ಲಿ ದುಡಿದವರು. ಗಿರಣಿ ಚಾಳಿನ ಹುಡುಗಿಯ ಹೆಸರಿಗೆ ಯಾರೂ ಕುರಿ ಬಿಟ್ಟಿರಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಹುಟ್ಟಿದ ಕೂಸಿಗೆ ಬಿಡುವ ಪದ್ಧತಿಯಿತ್ತು, ಬಂದ ಸೊಸೆಗಿರಲಿಲ್ಲ. ಹಾಗಾಗಿ ತನ್ನದೊಂದು ಇರಲಿ ಎಂದು ತಾನೇ ಬಿಟ್ಟುಕೊಂಡದ್ದು ಅದು. ವಿಲೀನವಾದರೆ ಒಂದು ಪುಣೆ ಷೇರು ಅವಳ ಪಾಲಿಗೆ ಗಟ್ಟಿ. ಇಪ್ಪತ್ತೈದು ಕೊಟ್ಟರೆ ಉಳಿಯುವ ಏಳಕ್ಕೆ ಏನೂ ಬರುವುದಿಲ್ಲ. ಎಮ್ಮೆಯ ಕಾಲು. ರೊಕ್ಕ.

ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಇಡೀ ಮನೆತನಕ್ಕೆ ಒಂದು ಷೇರು, ಉಳಿದದ್ದು ರೊಕ್ಕ. ಅವಳು ಇಪ್ಪತ್ತೈದು ಕೊಟ್ಟರೆ ನಾಲ್ಕು. ಅವೇ ಷೇರುಗಳು, ಅದೇ ಬೆಲೆ, ಒಂದು ಪೈಸೆ ಹೆಚ್ಚಾಗಿಲ್ಲ. ಆದರೂ ಒಂದು ಹೋಗಿ ನಾಲ್ಕು ನಿಲ್ಲುತ್ತವೆ. ಇದಕ್ಕಿಂತ ಒಳ್ಳೆಯ ವಿಲೀನವನ್ನು ಮುಂಬಯಿಯ ಯಾವ ಬ್ಯಾಂಕೂ ಕೂಡಿಸಿಕೊಡಲಾರದು.

ಸತ್ಯಪ್ಪನಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಹೆಂಡತಿ ಆ ಷೇರುಗಳನ್ನು ಹೇಗೆ ಕೂಡಿಸಿದ್ದಾಳೆಂದು ಅವನಿಗೆ ಗೊತ್ತಿತ್ತು. ಆಟೋ ಒರೆಸುತ್ತಿದ್ದವನು ಅರಿವೆ ಕೆಳಗಿಟ್ಟ. ನಮ್ಮ ಇಬ್ಬರಿಗೆ ಹಾಕು, ಬಾಳುವಿನ ಮಕ್ಕಳಿಗೆ ಬಾಳು ನೋಡಿಕೊಳ್ಳಲಿ ಎಂದ.

“ಖಾತೆ ನಾಲ್ಕು ಮಾಡಿದಾಂವ ಬಾಳೂ ಏನು? ನಾ ಮಾಡೇನಿ. ಇಬ್ಬರನ್ನ ದಾಟಿಸಿ ಇಬ್ಬರನ್ನ ಹೊಳ್ಯಾಗ ಬಿಡಾಕ ಬರೂದಿಲ್ಲ.”

“ಮತ್ತ ನಿನ್ನದು?”

“ನಂದೇನು, ದೀಪಾವಳಿ ಪ್ರತಿ ವರ್ಷ ಬರ್ತೈತಿ,” ಎಂದಳು.

ಹಾಗೆಂದದ್ದು ಗಂಡನಿಗಾಗಿ. ಇಪ್ಪತ್ತೆರಡೂವರೆ ಸಾವಿರದ ಒಂದು ಷೇರನ್ನು ದೀಪಾವಳಿಯ ಚಿಲ್ಲರೆಯಲ್ಲಿ ಕೊಳ್ಳಲು ಎಷ್ಟು ದೀಪಾವಳಿ ಬೇಕೆಂದು ಲೆಕ್ಕ ಹಾಕುವುದು ಅವಳಿಗೆ ಬರುತ್ತಿತ್ತು. ಹಾಕಲಿಲ್ಲ. ಅಂದು ಅನ್ನಕ್ಕೆ ಇಟ್ಟ ಅಕ್ಕಿಯನ್ನು ಮಾತ್ರ ಎರಡು ಸಲ ತೊಳೆದಳು.

ಮರುದಿನ ಕಚೇರಿಯಲ್ಲಿ ನಾಲ್ಕು ವರ್ಗಾವಣೆ ಚೀಟಿ ತುಂಬಿ, ತನ್ನ ಸಹಿ ಹಾಕಿ, ಪಾರಿಸ ಅಣ್ಣನ ಮುಂದಿಟ್ಟಳು. ಆತ ಕನ್ನಡಕ ಸರಿಸಿ ಓದಿದ. ಕೊನೆಯ ಚೀಟಿಗೆ ಬಂದಾಗ ಚೇಷ್ಟೆಯ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡಂತೆ ಕಂಡಿತು. ಈ ನಾಲ್ಕಕ್ಕೆ ನಮ್ಮ ಕಚೇರಿಯ ಶುಲ್ಕ ಇಲ್ಲ ಎಂದಷ್ಟೇ ಹೇಳಿದ. ಕೃಷ್ಣವ್ವ ಒಪ್ಪಲಿಲ್ಲ. ಶುಲ್ಕ ಕಟ್ಟಿ ರಸೀದಿ ತೆಗೆದುಕೊಂಡು ತನ್ನ ಮೇಜಿಗೆ ಹೋಗಿ, ಕಾದು ಕುಳಿತ ಗಿರಾಕಿಗೆ ಕೋಳಿ-ಎಮ್ಮೆಯ ಲೆಕ್ಕವನ್ನು ಮೊದಲಿನಿಂದ ಹೇಳತೊಡಗಿದಳು.

ರೆಕಾರ್ಡ್ ಡೇಟ್ ಬಂತು, ಹೋಯಿತು. ನೀಲಾಂಬರಿಯ ಹೆಸರು ಪರದೆಯಿಂದ ಅಳಿಸಿಹೋಯಿತು. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ನಾಲ್ಕು ಖಾತೆಗಳಲ್ಲೂ ಪುಣೆ ಕಂಪನಿಯ ಮುಂದೆ ಒಂದು, ಒಂದು, ಒಂದು, ಒಂದು ಎಂದು ಬಂದು ನಿಂತಿತ್ತು. ಐದನೆಯದರಲ್ಲಿ ಏನೂ ಇರಲಿಲ್ಲ. ಏಳು ಷೇರಿನ ರೊಕ್ಕ ಆಮೇಲೆ ಬ್ಯಾಂಕಿಗೆ ಬಂತು. ಅವಳು ಅದರಲ್ಲಿ ಮಿಕ್ಸರ್ ರಿಪೇರಿ ಮಾಡಿಸಿದಳು, ಉಳಿದದ್ದನ್ನು ಮುಟ್ಟಲಿಲ್ಲ.

ಆ ರವಿವಾರ ದುಂಡವ್ವ ಬೇಡಗಕ್ಕೆ ಹೋಗಬೇಕೆಂದು ಹಟ ಹಿಡಿದಳು. ಸತ್ಯಪ್ಪ ಎಲ್ಲರನ್ನೂ ಆಟೋದಲ್ಲಿ ತುಂಬಿಕೊಂಡು ಹೋದ. ಊಟವಾದ ಮೇಲೆ ಕೃಷ್ಣವ್ವ ಮೊಬೈಲಿನಲ್ಲಿ ನಾಲ್ಕು ಮಕ್ಕಳಿಗೂ ಅವರವರ ಖಾತೆ ತೋರಿಸಿದಳು. ಆಜೀ, ಹೀ ಮಾಝೀ ಮೇಂಢೀ, ಇದು ನನ್ನ ಕುರಿ ಎಂದು ಮಾಯಾ ಪರದೆಯನ್ನು ಅಜ್ಜಿಯ ಕಣ್ಣ ಹತ್ತಿರ ಹಿಡಿದಳು. ದುಂಡವ್ವ ಬೆರಳಿನಿಂದ ಆ ಒಂದನ್ನು ಮುಟ್ಟಿ ನೋಡಿದಳು.

ಅಷ್ಟರಲ್ಲಿ ಬೀರವ್ವ ಹಿತ್ತಲಿನಿಂದ ಬಂದಳು. ಕಂಕುಳಲ್ಲಿ ಒಂದು ಕರಿ ಹೆಣ್ಣುಮರಿ. ತಂದು ಕೃಷ್ಣವ್ವನ ಮಡಿಲಿಗೇ ಇಟ್ಟಳು. ಎಡಗಿವಿಯಲ್ಲಿ ಹೊಸ ಗುರುತು, ಅರಿಶಿನ ಇನ್ನೂ ಹಸಿಯಾಗಿತ್ತು. ಇಂಥ ಕೊಯ್ತ ಈ ಮನೆಯ ಯಾವ ಕುರಿಯ ಕಿವಿಯಲ್ಲೂ ಕೃಷ್ಣವ್ವ ನೋಡಿರಲಿಲ್ಲ.

“ಇದು ಯಾರ ಗುರುತು?”

“ನಿಮ್ಮದು ಅಕ್ಕಾ. ಅತ್ತಿ ಹೇಳಿ ಕೊಯ್ಸ್ಯಾರ.”

ಕೃಷ್ಣವ್ವ ಅತ್ತೆಯ ಕಡೆ ನೋಡಿದಳು. ಮುದುಕಿ ಎಲೆ ಅಡಿಕೆಯ ಚೀಲದಲ್ಲಿ ಸುಣ್ಣ ಹುಡುಕುತ್ತಿದ್ದಳು.

“ಸೊಸಿ ಹೆಸರಿಗೆ ಬಿಡೂ ಪದ್ಧತಿ ಇರಲಿಲ್ಲ,” ಎಂದಳು, ತಲೆ ಎತ್ತದೆ. “ಇನ್ ಮ್ಯಾಲೆ ಐತಿ.”

ಕೃಷ್ಣವ್ವ ಮರಿಯನ್ನು ಮಡಿಲಲ್ಲಿ ಸರಿಯಾಗಿ ಕೂಡಿಸಿಕೊಂಡು, ಇದರ ಲಾಭಾಂಶ ಯಾವಾಗ ಬರುತ್ತದೆ ಎಂದು ಬೀರವ್ವನನ್ನು ಕೇಳಿದಳು. ವರ್ಷಕ್ಕೆ ಎರಡು ಸಲ ಉಣ್ಣೆಗೆ ಕತ್ತರಿ ಹಾಕುತ್ತೇವೆ, ನಿಮ್ಮ ಪಾಲು ನೀವೇ ಬಂದು ಒಯ್ಯಬೇಕು, ಕಂಪ್ಯೂಟರಿಗೆ ಹಾಕುವುದಿಲ್ಲ ಎಂದಳು ಅವಳು.

ಮರಿ ಒದೆಯುತ್ತಿತ್ತು. ಕೃಷ್ಣವ್ವ ಕನ್ನಡಕವನ್ನು ಹಣೆಗೇರಿಸಿಕೊಂಡು, ಅದರ ಬಾಯಿ ತೆರೆದು ಹಲ್ಲು ನೋಡಿದಳು, ಬೆನ್ನ ಮೇಲೆ ಕೈಯಾಡಿಸಿದಳು, ಇದರ ತಾಯಿ ಯಾವುದು, ಎಷ್ಟು ಸಲ ಈದಿದೆ ಎಂದು ವಿಚಾರಿಸಿದಳು. ಕೊಂಡದ್ದಾಗಲಿ ಬಂದದ್ದಾಗಲಿ, ನೋಡದೆ ಇಟ್ಟುಕೊಳ್ಳುವ ಹೆಂಗಸಲ್ಲ ಅವಳು.