ಅರ್ಧ ಅಂಗಳದ ಆಟಗಾರ್ತಿಯರು

ಇಪ್ಪತ್ತು ಪಾಯಿಂಟಿನಿಂದ ಸೋತವರು ಹಾಡು ಹೇಳಿಕೊಂಡು ಮನೆಗೆ ಬರುತ್ತಾರೆ. ಒಂದೇ ಒಂದು ಪಾಯಿಂಟಿನಿಂದ ಸೋತವರು ಕಿಟಕಿಯಾಚೆ ನೋಡಿಕೊಂಡು ಬರುತ್ತಾರೆ. ಅವತ್ತು ಸಂಜೆ ಕಾಲೇಜಿನ ವ್ಯಾನಿನಲ್ಲಿ ಕಿಟಕಿಗಳು ಸಾಲದಾಗಿದ್ದವು. ಹಿಂದಿನ ಸೀಟಿನಲ್ಲಿ ಏಣಿ ಮಾತ್ರ ತನ್ನ ಮೊಣಕಾಲನ್ನೇ ನೋಡುತ್ತ ಕೂತಿದ್ದಳು.

ಏಣಿ ಅಂದರೆ ಬ್ಯಾಸ್ಕೆಟ್‌ಬಾಲ್ ತಂಡದ ಅತಿ ಎತ್ತರದ ಹುಡುಗಿ, ಮೊದಲ ವರ್ಷದವಳು. ಆ ಹೆಸರಿಟ್ಟವಳು ಅವಳ ಒಡಹುಟ್ಟಿದ ಅಕ್ಕನೇ. ಅಕ್ಕ ಅದೇ ತಂಡದ ಕ್ಯಾಪ್ಟನ್, ಓದಿನ ಕೊನೆಯ ವರ್ಷ. ಇವತ್ತು ಗೆದ್ದಿದ್ದರೆ ಫೈನಲ್, ಅಕ್ಕನಿಗೆ ಇನ್ನೊಂದು ಆಟ ಸಿಗುತ್ತಿತ್ತು. ಸೋತಿದ್ದರಿಂದ ಇದೇ ಅವಳ ಕೊನೆಯ ಆಟವಾಯಿತು. ಹಾಗೆ ಮಾಡಿದವಳು ತಾನು ಎಂದು ಏಣಿಗೆ ಗೊತ್ತಿತ್ತು. ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರಾದರೂ ಒಬ್ಬರು ಬೈದಿದ್ದರೆ ಸಮಾಧಾನವಾಗುತ್ತಿತ್ತು, ಯಾರೂ ಬೈಯಲಿಲ್ಲ.

ಆದದ್ದು ಇಷ್ಟು. ಅಕ್ಕ ಐದನೇ ಫೌಲ್ ಮಾಡಿ ಹೊರಗೆ ಹೋಗಿ ಬೆಂಚಿನ ಮೇಲೆ ಚಡಪಡಿಸುತ್ತ ಕೂತಿದ್ದಳು. ಅವಳಿಲ್ಲದೆಯೂ ಹುಡುಗಿಯರು ಹಟ ಹಿಡಿದು ಅಂತರವನ್ನು ಒಂದೇ ಪಾಯಿಂಟಿಗೆ ಇಳಿಸಿದರು. ಉಳಿದದ್ದು ಕೆಲವೇ ಸೆಕೆಂಡು. ಎದುರಾಳಿಗಳು ತಾವು ಕಾಯುತ್ತಿದ್ದ ಬುಟ್ಟಿಯ ಹಿಂದಿನ ಗೆರೆಯಿಂದ ಚೆಂಡನ್ನು ಒಳಗೆಸೆದರು. ಏಣಿ ತನ್ನ ಉದ್ದದ ಕೈ ಚಾಚಿ ಅದನ್ನು ಹಾರಿಸಿಕೊಂಡಳು. ತಲೆಯ ಮೇಲೆ ಬುಟ್ಟಿ, ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಕೈಯೆತ್ತಿ ಹಾಕಿದ್ದರೆ ಮುಗಿದಿತ್ತು. ಆದರೆ ಅವಳು ಬುಟ್ಟಿಗೆ ಬೆನ್ನು ಹಾಕಿ, ಚೆಂಡು ಬಡಿಯುತ್ತ ಮೂರು ಪಾಯಿಂಟಿನ ಕಮಾನುಗೆರೆಯ ತನಕ ಓಡಿ, ಅಲ್ಲಿಂದ ತಿರುಗಿ ಎಸೆದಳು. ಚೆಂಡು ಕೈಯಲ್ಲಿರುವಾಗಲೇ ಆಟ ಮುಗಿದ ಹಾರ್ನ್ ಕೂಗಿತ್ತು. ಆಮೇಲೆ ಅದು ಬುಟ್ಟಿಯೊಳಗೆ ಬಿದ್ದದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇವಳು ತುತ್ತನ್ನು ಕೈಯಲ್ಲಿ ಹಿಡಿದು ಊರೆಲ್ಲ ಸುತ್ತಿಬಂದಿದ್ದಳು.

ನೋಡಿದವರು ಹುಡುಗಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಕೆಟ್ಟಿದ್ದು ಅವಳ ತಲೆಯಲ್ಲ. ಅವರ ಕಾಲೇಜಿನಲ್ಲಿ ಆಟದ ಅಂಗಳವೇನೋ ಪೂರ್ತಿ ಇದೆ, ಎರಡು ಬುಟ್ಟಿಗಳೂ ಇವೆ. ಆದರೆ ಒಂದು ಬುಟ್ಟಿಯ ಕಡೆಗೆ ಅಧ್ಯಾಪಕರ ಕಾರುಗಳು ನಿಲ್ಲುತ್ತವೆ. ಕಾರುಗಳಿಗೆ ನೆರಳು ಬೇಕಲ್ಲ, ಹುಡುಗಿಯರು ಎಲ್ಲಿ ಓಡಿದರೂ ನಡೆಯುತ್ತದೆ! ಹೀಗಾಗಿ ಉಳಿದ ಅರ್ಧದಲ್ಲೇ ಎರಡು ಗುಂಪಾಗಿ, ಒಂದೇ ಬುಟ್ಟಿಗೆ ಆಡುವುದು ಅವರ ರೂಢಿ. ಅದಕ್ಕೊಂದು ನಿಯಮ: ಎದುರು ಗುಂಪಿನಿಂದ ಚೆಂಡು ಕಿತ್ತುಕೊಂಡರೆ ನೇರ ಬುಟ್ಟಿಗೆ ಹಾಕುವಂತಿಲ್ಲ, ಮೊದಲು ಕಮಾನುಗೆರೆಯಾಚೆ ಒಯ್ದು ತರಬೇಕು. ದಿನಾ ಬೆಳಿಗ್ಗೆ, ದಿನಾ ಸಂಜೆ ಅದೇ. ಏಣಿಯ ಕಾಲು ಅದನ್ನೇ ಮಾಡಿತ್ತು.

"ಹೋದ ವರ್ಷ ಇದೇ ಟೀಮು ನಮ್ಮನ್ನ ನಲವತ್ತು ಪಾಯಿಂಟಲ್ಲಿ ತೊಳ್ದು ಒಣಗಿಹಾಕಿತ್ತು," ಎಂದರು ಮುಂದೆ ಕೂತಿದ್ದ ಕೋಚ್, ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತ, ಹಾಕುತ್ತ. "ಈ ಸಲ ಒಂದೇ ಒಂದು. ಬರೆದಿಟ್ಕೊಳ್ಳಿ, ಮುಂದಿನ ವರ್ಷ ಕಪ್ಪು ನಮ್ದೇ."

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ಬೇಡಿ ಸಾರ್," ಎಂದಳು ಯಾರೋ. ಒಂದಿಬ್ಬರು ನಕ್ಕರು. ಅಕ್ಕ ನಗಲಿಲ್ಲ. ಕೋಚ್ ಹಿಂದೆ ತಿರುಗಿ ಎಲ್ಲರ ಮುಖ ನೋಡಿದರು, ಏಣಿಯದೊಂದು ಬಿಟ್ಟು.

ಮುಂದಿನ ವರ್ಷದ ಮಾತು ಏಣಿಗೆ ಮುಳ್ಳಿನಂತೆ ಚುಚ್ಚಿತು. ಸೋಮವಾರವೇ ಹೋಗಿ ಜೆರ್ಸಿ ವಾಪಸು ಕೊಟ್ಟುಬಿಡಬೇಕು ಎಂದು ಅವಳು ತೀರ್ಮಾನಿಸಿದ್ದಳು. ಕೂತಲ್ಲಿ ಕೂರಲಾಗದೆ ಬ್ಯಾಗಿನ ಜಿಪ್ ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದಿದ್ದಳು. ಯಾವುದೋ ಹೋಟೆಲಿನ ಪರದೆಗಳು ಕುರ್ಚಿ, ಮೇಜು, ಬಾಗಿಲುಗಳ ಮೇಲೆಲ್ಲ ಹರಡಿದ್ದವು. ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆದು, "ಗೆದ್ರೇನ್ರೇ?" ಎಂದಳು.

"ಒಂದು ಪಾಯಿಂಟಲ್ಲಿ ಹೋಯ್ತು," ಎಂದಳು ಅಕ್ಕ.

"ಅಯ್ಯೋ! ಯಾರಮ್ಮಾ ಕೆಡಿಸಿದ್ದು?"

"ಯಾರೂ ಇಲ್ಲ. ಆಟ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ."

ಅಕ್ಕ ಪರದೆ ಸರಿಸಿಕೊಂಡು ಒಳಕೋಣೆಗೆ ಹೋದಳು. ಏಣಿ ಬೆನ್ನಿಗೇ ಹೋಗಿ ಬಾಗಿಲು ಹಾಕಿದಳು. ಎರಡು ಮಂಚಗಳ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಅಲ್ಲೇ ನಿಂತು ಅವಳು ಸಿಡಿದಳು.

"ಯಾರೂ ಇಲ್ಲ ಅಂತ ಯಾಕಂದೆ? ನಾನು ಕೆಡಿಸಿದ್ದು! ಅಲ್ಲಿಂದ ಇಲ್ಲಿವರೆಗೂ ಮುಖ ಗಂಟು ಹಾಕ್ಕೊಂಡು ಬಂದಿದೀಯ. ಬೈಯಬಾರದಾ ಒಂದ್ಸಲ? ನಿನ್ನ ಕೊನೇ ಮ್ಯಾಚು ಹಾಳು ಮಾಡಿದೀನಿ, ಬೈಯೇ ಅಕ್ಕಾ!"

ಅಕ್ಕ ಶೂ ಬಿಚ್ಚುತ್ತಿದ್ದವಳು ಲೇಸು ಕೈಯಲ್ಲೇ ಹಿಡಿದು ಕೂತಳು.

"ಆಗ ನಿಂಗೆ ಏನಾದ್ರೂ ಕೇಳಿಸ್ತಾ?"

"ಯಾವಾಗ?"

"ಚೆಂಡು ನಿನ್ನ ಕೈಗೆ ಬಂದಾಗ. ಬೆಂಚಿಂದ."

"ಏನೋ ಗಲಾಟೆ. ಯಾಕೆ?"

"'ಹೊರಗೆ! ಹೊರಗೆ ತಗೋ!' ಅಂತ ಕೂಗಿದ್ದು ನಾನು." ಅಕ್ಕ ಲೇಸನ್ನು ಬೆರಳಿಗೆ ಸುತ್ತಿಕೊಂಡಳು. "ಗಂಟಲು ಹರ್ಕೊಳ್ಳೋ ಹಾಗೆ ಕೂಗಿದೆ. ಹಾರ್ನ್ ಆದ್ಮೇಲೆ ಹೊಳೀತು ಏನು ಕೂಗ್ದೆ ಅಂತ. ಕ್ಯಾಪ್ಟನ್ ಅಂತೆ, ಕ್ಯಾಪ್ಟನ್ನು! ನನ್ನ ಮಾತು ಕೇಳೇ ನೀನು ಓಡಿದ್ದು ಅಂತ ವ್ಯಾನಲ್ಲಿ ನಿನ್ನ ಮುಖ ನೋಡೋಕೂ ಆಗ್ಲಿಲ್ಲ ಕಣೇ."

ಏಣಿ ಮಂಚದ ಅಂಚಿನಲ್ಲಿ ಕೂತಳು. ಸಿಟ್ಟು ಎಂದು ತಾನು ಇಡೀ ದಾರಿ ಹೆದರಿದ್ದು ಅಕ್ಕನ ನಾಚಿಕೆಗೆ. "ನೀನು ಕೂಗಿದ್ದಕ್ಕೋ, ಕಾಲೇ ಹೋಯ್ತೋ, ನಂಗೊತ್ತಿಲ್ಲ ಅಕ್ಕಾ," ಎಂದಳು. ಅದು ನಿಜವಾಗಿತ್ತು.

"ನಾನೊಬ್ಬಳೇ ಅಲ್ಲ. ಇಡೀ ಬೆಂಚು ಅದನ್ನೇ ಕೂಗಿದ್ದು."

"ಸಾರೂ?"

"ಸಾರೇ ಎಲ್ರಿಗಿಂತ ಜೋರು. ಕೈ ಬೇರೆ ಬೀಸ್ತಿದ್ರು, 'ಗೆರೆ ದಾಟ್ಸು, ಗೆರೆ ದಾಟ್ಸು' ಅಂತ."

ಬಾಟಲಿಯ ಮುಚ್ಚಳ ತಿರುವುತ್ತಿದ್ದ ಆ ದೊಡ್ಡ ಮನುಷ್ಯ ಕೈ ಬೀಸುತ್ತಿದ್ದ ಚಿತ್ರ ಕಣ್ಣಿಗೆ ಬಂದು ಏಣಿಗೆ ನಗು ಒತ್ತರಿಸಿ ಬಂತು. ಅಕ್ಕನಿಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋತು ಬಂದವರಿಗೆ ಇದೇನು ಬಂತು ಎಂದು ಅಮ್ಮ ಹೊರಗಿನಿಂದಲೇ ಗದರಿದಳು. ನಗುತ್ತ ನಗುತ್ತಲೇ ಅಕ್ಕ ದಿಂಬಿನಲ್ಲಿ ಮುಖ ಹುದುಗಿಸಿದಳು. ಅವಳ ಭುಜ ಅಲುಗುತ್ತಿದ್ದದ್ದು ಈಗ ನಗುವಿಗಲ್ಲ ಎಂದು ಏಣಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಮೂರು ವರ್ಷ," ಎಂದಳು ಅಕ್ಕ ದಿಂಬಿನೊಳಗಿಂದ. "ಅರ್ಧ ಅಂಗಳದಲ್ಲೇ ಆಡಿ ಮುಗಿಸ್ಬಿಟ್ಟೆ. ಆ ಕಡೆ ಬುಟ್ಟಿಗೆ ಒಂದೇ ಒಂದ್ಸಲಾನೂ ಹಾಕ್ಲಿಲ್ಲ ಕಣೇ. ಯಾಕೆ ಅಂತ ಯಾರನ್ನೂ ಕೇಳ್ಲೂ ಇಲ್ಲ. ನೀನು ಹಂಗ್ ಮುಗಿಸ್ಬೇಡ."

ಜೆರ್ಸಿ ವಾಪಸು ಕೊಡುವ ಮಾತು ಏಣಿಯ ನಾಲಗೆಯ ತುದಿಯಲ್ಲಿತ್ತು, ಅದನ್ನು ಅಲ್ಲೇ ನುಂಗಿದಳು. ಎದ್ದು ಅಕ್ಕನ ಇನ್ನೊಂದು ಶೂವಿನ ಲೇಸು ಬಿಚ್ಚತೊಡಗಿದಳು.

"ನಾಳೆ ಭಾನುವಾರ," ಎಂದಳು. "ಕಾರುಗಳಿರಲ್ಲ."

"ಗೇಟಿಗೆ ಬೀಗ ಹಾಕಿರ್ತಾರೆ."

"ವಾಚ್‌ಮನ್ ಹತ್ರ ನಾನು ಕೇಳ್ತೀನಿ. ಸೋಮವಾರ ಪ್ರಿನ್ಸಿಪಾಲ್ ಹತ್ರಾನೂ ಕೇಳ್ತೀನಿ. ಬೈದ್ರೆ ಬೈಸ್ಕೊತೀನಿ, ಹೆಂಗೂ ಇವತ್ತಿಂದು ಬಾಕಿ ಇದೆ. ನಾಳೆ ನೀನೂ ಬಾ."

"ನಾನ್ಯಾಕೆ? ನಂದು ಮುಗೀತಲ್ಲ."

"ಆ ಕಡೆ ಬುಟ್ಟಿಗೆ ಮೊದಲನೇದು ನೀನೇ ಹಾಕ್ಬೇಕು ಅಕ್ಕಾ."